ಕೀ ಮುಗಿಯುವ ಹಾಡು

ಹಾಡಿನ ಹುಚ್ಚು ಹಿಡಿದ ಮಕ್ಕಳ ನಡುವೆ ಇದ್ದವರಿಗೆ ನಗಲಿಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ದಿನಕ್ಕೊಂದು ಆಗಿಯೇ ಆಗುತ್ತದೆ. ಐವತ್ತರ ದಶಕದಲ್ಲಿ ನಾನು ಜೆಪ್ಪುವಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಆಗಿನದನ್ನು ನೆನೆದರೆ ಈಗಲೂ ನಗು ಬರುತ್ತದೆ. ಆ ಒಬ್ಬಳು ಹುಡುಗಿಯ ನೆನಪಾಗುವವರೆಗೆ ಮಾತ್ರ.

೧. ಹಣೆಯ ಸುರುಳಿ

ಟಾಕೀಸಿಗೆ ಹೊಸ ಸಿನೆಮಾ ಬಂದರೆ ಸೋಮವಾರ ನಮ್ಮ ಗಂಡುಮಕ್ಕಳ ಹಣೆಯ ಮೇಲೆ ನಾಯಕನ ಹಾಗೆಯೇ ಒಂದು ಸುರುಳಿ ಕೂದಲು ಇಳಿದಿರುತ್ತಿತ್ತು. ಒಮ್ಮೆ ಹೆಡ್‌ಮಾಸ್ಟರರು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, "ಸಿನೆಮಾದವರನ್ನು ನೋಡಿ ಕಲಿಯುವುದಲ್ಲ, ನಮ್ಮನ್ನು ನೋಡಿ ಕಲಿಯಿರಿ!" ಎಂದು ಗದರಿದರು. ಅಷ್ಟರಲ್ಲಿ ಕಡಲಗಾಳಿ ಬೀಸಿ, ಅವರ ತಲೆಯಲ್ಲಿ ಉಳಿದಿದ್ದ ನಾಲ್ಕು ಕೂದಲು ಹಣೆಗೆ ಬಂದು ಸುರುಳಿ ಸುತ್ತಿಕೊಂಡವು. ಮಕ್ಕಳು ಭಕ್ತಿಯಿಂದ ಚಪ್ಪಾಳೆ ತಟ್ಟಿದರು.

೨. ಪಾಪ, ಸುಸ್ತು

ಆ ಹುಡುಗಿ ನನ್ನ ನಾಲ್ಕನೇ ಕ್ಲಾಸಿನವಳು. ಅಪ್ಪ ಇಲ್ಲ, ತಾಯಿ ಹಂಚಿನ ಕಾರ್ಖಾನೆಯ ಕೂಲಿ. ದೊಡ್ಡವಳಾದ ಮೇಲೆ ಸಿನೆಮಾದ ಒಬ್ಬ ಹಾಡುಗಾರ್ತಿಯ ಹಾಗೆ ಗ್ರಾಮಫೋನು ಪ್ಲೇಟಿಗೆ ಹಾಡಬೇಕೆಂಬುದು ಅವಳ ಒಂದೇ ಆಸೆ. ದಾರಿಯ ಚಾ ಹೋಟೆಲಿನಲ್ಲಿ ಗ್ರಾಮಫೋನು ಇತ್ತು. ಅದರೆದುರು ನಿಂತೇ ಅವಳು ಆ ಹಾಡುಗಾರ್ತಿಯ ಒಂದು ಹಾಡು ಕಲಿತಿದ್ದಳು.

ಹೋಟೆಲಿನ ಯಜಮಾನರು ಅದಕ್ಕೆ ಕೀ ಕೊಡುವುದರಲ್ಲೂ ಜಿಪುಣರು. ಎರಡನೆಯ ಚರಣ ಬಂತೆಂದರೆ ಕೀ ಮುಗಿದು, ಹಾಡುಗಾರ್ತಿಯ ಸ್ವರ ಎಳೆದೆಳೆದು ಗಂಡಸಿನ ಗೊಗ್ಗರು ದನಿಯಾಗುತ್ತಿತ್ತು. ಅವರು ಎದ್ದು ಬಂದು ಹಿಡಿ ತಿರುಗಿಸಿದರೆ ಮತ್ತೆ ಕೋಗಿಲೆ. ಹುಡುಗಿ ಕ್ಲಾಸಿನಲ್ಲಿ ಅದನ್ನು ಹಾಗೆ ಹಾಗೆಯೇ ಹಾಡಿದಳು.

"ನಡುವಲ್ಲಿ ಅದು ಎಂತದು?" ಎಂದೆ.

"ಅಲ್ಲಿ ಅವರಿಗೆ ಸುಸ್ತಾಗ್ತದೆ ಟೀಚರ್. ದೊಡ್ಡ ಹಾಡಲ್ವಾ? ಪಾಪ."

೩. ಉಪ್ಪಿನಕಾಯಿ

ಹಾಡುವವರು ಹುಳಿ ತಿನ್ನುವುದಿಲ್ಲ ಎಂದು ಯಾರೋ ಅವಳಿಗೆ ಹೇಳಿದರು. ಅಂದಿನಿಂದ ಗಂಜಿಯ ಜೊತೆ ಉಪ್ಪಿನಕಾಯಿ ಬಂದ್. ಅವಳನ್ನು ನೋಡಿ ಹೆಣ್ಣುಮಕ್ಕಳೆಲ್ಲ ಬಿಟ್ಟರು. ಅವಳ ತಾಯಿ ಕೆಲಸದ ನಡುವೆ ಓಡಿ ಬಂದರು.

"ನೀವೇ ಹೇಳಿ ಟೀಚರ್. ಆ ಹಾಡುವವರ ಮನೆಯಲ್ಲಿ ಗಂಜಿಗೆ ಬೇರೆ ಎಂತಾದ್ರೂ ಇರಬಹುದು. ನಮ್ಮಲ್ಲಿ ಬಿಡ್ಲಿಕ್ಕೆ ಅಂತ ಇರುವುದು ಅದೊಂದೇ!"

ನಾನು ನಕ್ಕೆ. ಅವರೂ ನಕ್ಕರು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕಾರ್ಖಾನೆಗೆ ಓಡಿದರು.

೪. ಮೈಕಿನವನ ಓಟ

ವಾರ್ಷಿಕೋತ್ಸವಕ್ಕೆ ಅವಳದ್ದೇ ಹಾಡು. ನಾನು ಅವಳಿಗೆ ಏನನ್ನೂ ತಿದ್ದಿರಲಿಲ್ಲ. ಆ ಹಾಡುಗಾರ್ತಿಯ ಮೇಲೆ ಅವಳಿಗಿದ್ದ ಕನಿಕರ ನೋಡಿದರೆ ತಿದ್ದಲು ಮನಸ್ಸು ಬರುತ್ತಿರಲಿಲ್ಲ. ಎರಡನೆಯ ಚರಣಕ್ಕೆ ಸ್ವರ ಇಳಿಯಿತು, ಎಳೆಯಿತು, ಗೊಗ್ಗರಾಯಿತು. ಮೈಕಿನವನು "ಬ್ಯಾಟರಿ ಹೋಯ್ತು ಮಾರಾಯ!" ಎಂದು ಕೂಗಿ ಪಂಚೆ ಎತ್ತಿಕಟ್ಟಿ ಓಡಿದ. ಅವನು ವಯರಿಗೆ ಕೈ ಹಾಕುವುದಕ್ಕೂ ಅವಳು ಗಾಳಿಯಲ್ಲಿ ಹಿಡಿ ತಿರುಗಿಸಿ ಮತ್ತೆ ಕೋಗಿಲೆಯಾಗುವುದಕ್ಕೂ ಸರಿಹೋಯಿತು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ತನ್ನ ಹಾಡು ಗೆದ್ದಿತೆಂದು ಅವಳು ಕೈಮುಗಿದಳು. ಬಹುಮಾನ ಮೈಕಿನವನಿಗೆ ಕೊಡಬೇಕಿತ್ತು ಎಂದರು ಹೆಡ್‌ಮಾಸ್ಟರರು.

೫. ಕೈ ಖಾಲಿ ಉಂಟಲ್ಲ

ಜೂನಿನಲ್ಲಿ ಶಾಲೆ ಶುರುವಾದಾಗ ಅವಳು ಬರಲಿಲ್ಲ. ಮನೆಗೆ ಹೋದೆ. ಹುಡುಗಿ ತೊಡೆಯ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಒಳ್ಳೆಯ ಸ್ವರ ಅಮ್ಮಾ ಇವಳದ್ದು, ಶಾಲೆ ಬಿಡಿಸಬೇಡಿ," ಎಂದು ಬೇಡಿಕೊಂಡೆ.

ತಾಯಿ ತಣ್ಣಗೆ ಹೇಳಿದರು: "ಹಾಡ್ಲಿಕ್ಕೆ ಬಾಯಿ ಸಾಕಲ್ವಾ ಟೀಚರ್? ಕೈ ಖಾಲಿ ಉಂಟಲ್ಲ."



೬. ಕೀ ಕೊಟ್ಟಾಯ್ತು

ವರ್ಷಗಳು ಕಳೆದವು. ಅರವತ್ತರ ದಶಕದಲ್ಲೊಂದು ಮಧ್ಯಾಹ್ನ ಅದೇ ದಾರಿಯಲ್ಲಿ ಹೋಗುವಾಗ ಆ ಹಾಡು ಕೇಳಿಸಿತು. ಒಂದು ಜಗಲಿಯಲ್ಲಿ ಹೆಂಗಸರು ಸಾಲಾಗಿ ಕೂತು ಬೀಡಿ ಕಟ್ಟುತ್ತಾ ಹಾಡುತ್ತಿದ್ದರು. ಎರಡನೆಯ ಚರಣ ಬಂತು. ಅಷ್ಟೂ ಜನರ ಸ್ವರ ಒಟ್ಟಿಗೆ ಇಳಿಯಿತು, ಎಳೆಯಿತು, ಗೊಗ್ಗರಾಗಿ ನಿಂತಿತು. ಕೈಗಳೂ ನಿಂತವು. ಒಬ್ಬರು ಬೆರಳು ಮುರಿದುಕೊಂಡರು, ಒಬ್ಬರು ಬೆನ್ನು ನೆಟ್ಟಗೆ ಮಾಡಿದರು.

ನಡುವೆ ಕೂತವಳು ನನ್ನ ಗುರುತು ಹಿಡಿದು ಎದ್ದು ಬಂದಳು. ಕೆನ್ನೆ ಒಳಗೆ ಹೋಗಿತ್ತು. ನಗು ಮಾತ್ರ ನಾಲ್ಕನೇ ಕ್ಲಾಸಿನದ್ದೇ.

"ಸುಸ್ತಾಗ್ತಿದ್ದದ್ದು ಅವರಿಗಲ್ಲ, ಮೆಷಿನಿಗೆ ಅಂತ ಈಗ ಗೊತ್ತುಂಟು ಟೀಚರ್," ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಇವರಿಗೆ ಹೇಳ್ಬೇಡಿ. ಹಾಡು ಇರುವುದೇ ಹಾಗೆ ಅಂತ ನಂಬಿದ್ದಾರೆ. ಇಡೀ ದಿನದಲ್ಲಿ ಕೈಗೆ ರಜೆ ಇರುವುದು ಅಲ್ಲಿ ಮಾತ್ರ."

ನನ್ನ ಕಣ್ಣು ತುಂಬಿತು. ಅವಳು ಅದನ್ನು ನೋಡದವಳ ಹಾಗೆ ಜಗಲಿಯ ಕಡೆ ತಿರುಗಿ, ಗಾಳಿಯಲ್ಲಿ ಹಿಡಿ ತಿರುಗಿಸಿದಳು.

"ಹೂಂ, ಸಾಕು. ಕೀ ಕೊಟ್ಟಾಯ್ತು!"

ಜಗಲಿಯಿಂದ ಒಬ್ಬಾಕೆ ಗೊಣಗಿದರು: "ಆ ಚಾ ಹೋಟೆಲಿನವರೇ ವಾಸಿ ಮಾರಾಯ್ತಿ, ಎದ್ದು ಬಂದು ಕೀ ಕೊಡ್ಲಿಕ್ಕೆ ಸ್ವಲ್ಪ ತಡ ಮಾಡ್ತಿದ್ರು."