ಎಳೆದರೂ ಏಳದ ಯಂತ್ರ

ಹಠ ಎನ್ನುವುದು ಕೆಲವರಿಗೆ ಚಿಕ್ಕಂದಿನಲ್ಲಿ ಬಂದು ಹೋಗುತ್ತದೆ. ನನಗೆ ಅದು ನಿವೃತ್ತಿಯಾದ ಮೇಲೆ ಬಂತು. ಪೀಣ್ಯದ ಕಾರ್ಖಾನೆಯೊಂದರಲ್ಲಿ ರಿಪೇರಿ ವಿಭಾಗ ನೋಡಿಕೊಳ್ಳುತ್ತಿದ್ದವನು ನಾನು. ಈಗ ದಾಸರಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಕೈಗೆ ಸಿಗುವುದು ಮಿಕ್ಸಿ, ಕುಕ್ಕರಿನ ಹಿಡಿ, ಇಷ್ಟೇ. ಹಾಗಾಗಿ ಅಸೋಸಿಯೇಷನ್ನಿನ ಹುಲ್ಲು ಕತ್ತರಿಸುವ ಪೆಟ್ರೋಲ್ ಯಂತ್ರ ಕೆಟ್ಟಿತು ಎಂದಾಗ ಬೇಸರದ ಮುಖ ಮಾಡಿಕೊಂಡೆನೇ ಹೊರತು ಒಳಗೊಳಗೆ ಹಬ್ಬವಾಗಿತ್ತು.

ಕೆಟ್ಟದ್ದು ಎಂಜಿನ್ನಲ್ಲ, ಅದನ್ನು ಚಾಲೂ ಮಾಡಲು ಎಳೆಯುವ ಹಗ್ಗ. ಎಳೆದು ಬಿಟ್ಟರೆ ಅದು ತಾನಾಗಿ ಒಳಗೆ ಸುತ್ತಿಕೊಳ್ಳಬೇಕು. ಇದು ಹೊರಗೇ ನೇತಾಡುತ್ತಿತ್ತು. ಸೆಕ್ರೆಟರಿ ನವೀನ್ ನೋಡಿ, "ಹಳೇದಾಯ್ತು ಸಾರ್, ಗುಜರಿಗೆ ಹಾಕ್ಬಿಡೋಣ. ಬ್ಯಾಟರಿದು ತಗೊಂಡ್ರೆ ಬಟನ್ ಒತ್ತಿದ್ರೆ ಮುಗೀತು" ಎಂದ. ಹಳೆಯದಾಯ್ತು ಎನ್ನುವಾಗ ಅವನು ನೋಡುತ್ತಿದ್ದದ್ದು ಯಂತ್ರವನ್ನೇ. ಆದರೂ ನನಗೆ ಚುರುಕ್ಕೆಂದಿತು. "ಆಯುಧಪೂಜೆ ದಿನ ಎಲ್ಲರ ಮುಂದೆ ಸ್ಟಾರ್ಟ್ ಮಾಡಿ ತೋರಿಸ್ತೀನಿ. ಆಗ್ಲಿಲ್ಲ ಅಂದ್ರೆ ನಾನೇ ಗುಜರಿಗೆ ಹೊತ್ಕೊಂಡು ಹೋಗ್ತೀನಿ" ಎಂದುಬಿಟ್ಟೆ.

ಬಾಲ್ಕನಿಯಲ್ಲಿ ಹಳೆಯ ಪೇಪರ್ ಹಾಸಿ ಮುಚ್ಚಳ ಬಿಚ್ಚಿದೆ. ಒಳಗಿದ್ದ ಸುರುಳಿ ಸ್ಪ್ರಿಂಗು ಠಣ್ಣನೆ ನೆಗೆದು ವಿಶಾಲಾಕ್ಷಿ ಒಣಹಾಕಿದ್ದ ಹಪ್ಪಳದ ಮೇಲೆ ಬಿತ್ತು. ವಿಶಾಲಾಕ್ಷಿ ನನ್ನ ಹೆಂಡತಿ; ದಾವಣಗೆರೆಯವಳು, ಕೋಪ ಬಂದರೆ ನಗುತ್ತ ಮಾತನಾಡುತ್ತಾಳೆ. "ಫ್ಯಾಕ್ಟರಿಯೊಳಗೂ ಹಿಂಗೇ ರಿಪೇರಿ ಮಾಡ್ತಿದ್ರೇನ್ರೀ?" ಎಂದಳು. ಅಲ್ಲಿ ನಾನು ನಿಂತು ಹೇಳುತ್ತಿದ್ದೆ, ಬೇರೆಯವರು ಮಾಡುತ್ತಿದ್ದರು ಎಂದು ಈ ವಯಸ್ಸಿನಲ್ಲಿ ಅವಳಿಗೆ ತಿಳಿಸಿ ಏನು ಪ್ರಯೋಜನ? ಆ ಸ್ಪ್ರಿಂಗನ್ನು ಒಂದು ಕಡೆ ಕೂರಿಸಿದರೆ ಇನ್ನೊಂದು ಕಡೆ ಏಳುತ್ತಿತ್ತು. ಅಂತೂ ಕೂತಿತು ಎಂದುಕೊಂಡರೆ ಉಲ್ಟಾ ಸುತ್ತಿದ್ದೆ. ಬೆರಳು ಕುಯ್ದುಹೋಯಿತು, ಊಟ ತಣ್ಣಗಾಯಿತು, ನಾನು ಮಾತ್ರ ಜಾಗ ಬಿಟ್ಟು ಏಳಲಿಲ್ಲ. ಕೊನೆಗೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗವನ್ನೇ ಕತ್ತರಿಸಿ ಕಟ್ಟಿ, ಎಳೆದು ಬಿಟ್ಟೆ. ಸರ್ರನೆ ಒಳಗೆ ಹೋಯಿತು! ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರೇ ಬಂತು.

ಪೂಜೆಯ ದಿನ ಕಾರು, ಸ್ಕೂಟರು, ಸೈಕಲ್ಲುಗಳ ಸಾಲಿನಲ್ಲಿ ನನ್ನ ಯಂತ್ರವೂ ನಿಂತಿತು. ವಿಶಾಲಾಕ್ಷಿ ಅದಕ್ಕೆ ಮೂರೆಳೆ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಉದ್ದನೆಯ ಚೆಂಡುಹೂವಿನ ಹಾರವನ್ನು ಮುಚ್ಚಳಕ್ಕೊಂದು ಸುತ್ತು, ಎಳೆಯುವ ಹಿಡಿಗೊಂದು ಸುತ್ತು ಸುತ್ತಿದಳು. ಹಾರ ಸ್ವಲ್ಪ ಸರಿಸೋಣವೆಂದು ಕೈ ಚಾಚಿದೆ. "ದೇವರಿಗೆ ಏರಿಸಿದ ಹೂವು, ಮುಟ್ಟಬ್ಯಾಡ್ರಿ" ಎಂದಳು. ಮಂಗಳಾರತಿ ಮುಗಿಯಿತು. ಎಲ್ಲರೂ ಸುತ್ತ ನಿಂತರು. ಉಸಿರು ಬಿಗಿಹಿಡಿದು ಎಳೆದೆ. ಎಂಜಿನ್ ಗುಡುಗಿತು! ಹಗ್ಗ ಒಳಗೆ ಸರಿಯಿತು. ಅದರ ಬೆನ್ನಿಗೇ ಹಾರವೂ ಸರಿಯಿತು. ಮರುಕ್ಷಣ ಎಂಜಿನ್ ತಣಿಸಲು ಒಳಗಿರುವ ಫ್ಯಾನು ಹೂವನ್ನೆಲ್ಲ ಚಿಂದಿ ಮಾಡಿ ನಿಂತವರ ತಲೆಯ ಮೇಲೆ ಎರಚಿತು. ಚಪ್ಪಾಳೆಯೋ ಚಪ್ಪಾಳೆ.

"ಸಕ್ಕತ್ ಸಾರ್! ಹೂವಿನ ಮಳೆ ಬೇರೆ ಸೆಟ್ ಮಾಡಿದ್ದೀರಾ!" ಎಂದ ನವೀನ್, ತಲೆಯಿಂದ ಎಸಳು ಕೊಡವುತ್ತ. "ಇನ್ನು ಗುಜರಿ ಮಾತೇ ಇಲ್ಲ."

"ಏನೋ, ಸಣ್ಣ ಏರ್ಪಾಡು" ಎಂದೆ ವಿನಯದಿಂದ.

ಯಂತ್ರವೇನೋ ಉಳಿಯಿತು. ಹಗ್ಗ ಮಾತ್ರ ಒಳಗೆ ಹೋದದ್ದು ಇನ್ನೂ ಹೊರಗೆ ಬಂದಿಲ್ಲ. ಮತ್ತೆ ಬಾಲ್ಕನಿಯಲ್ಲಿ ಕೂತು ಹಲ್ಲುಚಕ್ರದ ಸಂದಿಯಿಂದ ಹೂ ಬಿಡಿಸುತ್ತಿದ್ದೇನೆ. ಕೆಳಗೆ ಹುಲ್ಲು ಮಂಡಿಯುದ್ದ ಬೆಳೆದಿದೆ. ನವೀನ್ ಎದುರಾದಾಗಲೆಲ್ಲ "ಯಾವಾಗ ಸಾರ್ ಕಟಿಂಗು?" ಎನ್ನುತ್ತಾನೆ. "ಪೂಜೆ ಆದ ಯಂತ್ರ ಕಣಪ್ಪಾ, ಒಳ್ಳೆ ದಿನ ನೋಡಿ ತೆಗೀಬೇಕು" ಎಂದು ಗಂಭೀರವಾಗಿ ಹೇಳಿ, ಅವನು ಲಿಫ್ಟಿಗೆ ಕಾಯುತ್ತಿದ್ದರೆ ನಾನು ಮೆಟ್ಟಿಲು ಹತ್ತಿಬಿಡುತ್ತೇನೆ.