ಕೋಳಿ ತಿನ್ನದ ಕೋಳಿ ಡಾಕ್ಟರ್

ಮುಂಬೈ ಗವರ್ನರ್ ಸಾಹೇಬರ ಕೋಳಿಗೆ ನೆಗಡಿ ಬಂದು, ವಿಲಾಯತಿ ಡಾಕ್ಟರುಗಳೆಲ್ಲ ಕೈಚೆಲ್ಲಿ ಕೂತಾಗ, ನನ್ನನ್ನು ಕರೆದೊಯ್ಯಲು ಹುಬ್ಬಳ್ಳಿಗೆ ಸ್ಪೆಷಲ್ ರೈಲು ಬಂದಿತ್ತು.

ಸುಳ್ಳು. ಗವರ್ನರ್ ಸಾಹೇಬರು ಕೋಳಿ ಸಾಕಿದ್ದರೋ ಇಲ್ಲವೋ ದೇವರಿಗೇ ಗೊತ್ತು. ನಾನು ರೈಲು ಹತ್ತಿದ್ದು ಧಾರವಾಡದ ತನಕ ಮಾತ್ರ, ಅದೂ ಟಿಕೀಟಿಲ್ಲದೆ. ಆದರೆ ಎರಡನೇ ಮಹಾಯುದ್ಧ ಶುರುವಾಗುವ ಮೊದಲು ಕೇಶ್ವಾಪುರದ ನಮ್ಮ ಓಣಿಗೆ ನಾನೇ ಕೋಳಿ ಡಾಕ್ಟರ್ ಆಗಿದ್ದೆ ಎಂಬುದು ಖರೇ. ರೈಲ್ವೆ ಕಾರ್ಖಾನೆಯಲ್ಲಿ ಬೋಗಿಗೆ ಬಣ್ಣ ಬಳಿಯುವವನಿಗೆ ಇಂಥವು ಯಾಕೆ ಗಂಟು ಬೀಳುತ್ತಿದ್ದವೆಂದು ಕೇಳಬೇಡಿ, ಚಹಾ ಕುಡಿಯುತ್ತ ಕತೆ ಕೇಳಿ. ಕೆಲವರ ಬೆನ್ನಿಗೆ ಶನಿ ಬೀಳುತ್ತಾನೆ, ನನ್ನ ಬೆನ್ನಿಗೆ ಕೋಳಿ ಬಿದ್ದವು.

ಡಾಕ್ಟರ್ ಆದದ್ದು

ನಮ್ಮ ಮನೆಗೆ ಅಂಟಿಕೊಂಡ ಮನೆಯಲ್ಲಿ ಒಬ್ಬ ಕಾಕಿ ಇದ್ದಳು. ಗಂಡ ತೀರಿಕೊಂಡಿದ್ದ, ಮಗಳನ್ನು ಧಾರವಾಡಕ್ಕೆ ಕೊಟ್ಟಿದ್ದಳು. ಹಿತ್ತಲದ ಕೋಳಿಗಳೇ ಅವಳ ಸಂಸಾರ. ತತ್ತಿಗಳು ರೈಲ್ವೆ ಸಾಹೇಬರ ಬಂಗಲೆಗೆ ಹೋದರೆ ಅವಳ ಒಲೆ ಉರಿಯುತ್ತಿತ್ತು, ಹೋಗದಿದ್ದರೆ ಇಲ್ಲ.

ಒಂದು ದಿನ ಕಾಕಿ ಕೋಳಿಯೊಂದನ್ನು ಬಗಲಲ್ಲಿ ಅವುಚಿಕೊಂಡು ನಮ್ಮ ಬಾಗಿಲಿಗೇ ಬಂದಳು.

"ತಮ್ಮಾ, ಇದಕ್ಕ ಏನಾಗೇತಿ ನೋಡೋ. ತತ್ತಿ ಇಡತೈತಿ, ಆದ್ರ ಚಿಪ್ಪಿಲ್ಲ. ಬರೇ ತೊಗಲು."

ನಾನು ಬೆಚ್ಚಿಬಿದ್ದೆ. ನಮ್ಮದು ಲಿಂಗ ಕಟ್ಟಿದ ಮನೆ. ನಾನು ಕೋಳಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದೇ ಅವತ್ತು.

"ಕಾಕಿ, ನನಗೇನು ತಿಳೀತೈತಿ? ಓಣ್ಯಾಗ ಕೋಳಿ ಸಾಕಿದವರು ಬೇಕಾದಷ್ಟು ಮಂದಿ ಅದಾರಲ್ಲ."

"ಎಲ್ಲಾರಿಗೂ ತೋರಿಸೇನಿ. ಎಡಮನ್ಯಾವ ಉಳಿಯಂಗಿಲ್ಲ ಅಂದ, ಹಿಂದಿನ ಮನ್ಯಾವ ಲಗೂ ಕೊಯ್ಯಿರಿ ಅಂದ, ಎದುರಮನ್ಯಾಕಿ ಖೊಬ್ರಿ ತುರದುಕೊಂಡ ಕೂತಾಳ. ಎಲ್ಲಾರ ಔಷಧಾನೂ ಗಡಿಗ್ಯಾಗ ಕುದಿಯೂದೇ. ನೀ ಒಬ್ಬಾಂವ ತಿನ್ನಂಗಿಲ್ಲ ನೋಡು. ಅದಕ್ಕ ನಿನ್ನ ಮಾತು ನಂಬತೇನಿ."

ಜಗತ್ತಿನಲ್ಲಿ ನನ್ನ ಮಾತು ನಂಬುತ್ತೇನೆ ಎಂದವಳು ಅವಳೊಬ್ಬಳೇ. ನನ್ನ ಹೆಂಡತಿ ಒಳಗಿನಿಂದ ಕೇಳಿ ಎಷ್ಟು ನಕ್ಕಳೆಂದರೆ, ಕಾಕಿ ನನ್ನನ್ನು ಬಿಟ್ಟು ಅವಳಿಗೇನು ರೋಗವೆಂದು ವಿಚಾರಿಸಿದಳು.

ಮೊದಲ ಔಷಧ

ಡಾಕ್ಟರ್ ಆದ ಮೇಲೆ ಏನಾದರೂ ಹೇಳಲೇಬೇಕು. ಕಾಕಿಯ ಹಿತ್ತಲಕ್ಕೆ ಹೋದೆ. ಕೋಳಿಯ ಕಣ್ಣು ನೋಡಿದೆ, ಅದೂ ನನ್ನ ಕಣ್ಣು ನೋಡಿತು. ಇಬ್ಬರಿಗೂ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ದೃಷ್ಟಿ ಹಿತ್ತಲದ ಗೋಡೆಯ ಮೇಲೆ ಬಿತ್ತು. ಮಸಿ ಹಿಡಿದು, ಸುಣ್ಣ ಕಾಣದೆ ಎಷ್ಟು ವರ್ಷವಾಗಿತ್ತೋ! ಬಣ್ಣ ಬಳಿಯುವವನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಕಾಕಿ, ಮೊದಲ ಈ ಗ್ವಾಡಿಗೆ ಸುಣ್ಣ ಬಳಿಸು."

"ರೋಗ ಕೋಳಿಗೆ ಐತೋ ತಮ್ಮಾ!"

"ಡಾಕ್ಟರ್ ನೀನೋ ನಾನೋ?"

ಕಾಕಿ ಸುಣ್ಣ ಬಳಿಸಿದಳು. ಕೋಳಿಗಳು ಆ ಗೋಡೆಗೆ ಬಾಯಿ ಹಾಕಿ, ಉದುರಿದ ಸುಣ್ಣದ ಚಕ್ಕೆಗಳನ್ನೆಲ್ಲ ಹೆಕ್ಕಿ ತಿಂದವು. ಸ್ವಲ್ಪೇ ದಿನಕ್ಕೆ ಕಲ್ಲಿನಂಥ ತತ್ತಿ ಬರತೊಡಗಿದವು. ಕೋಳಿಯ ಮೈಗೆ ಸುಣ್ಣ ಕಡಿಮೆಯಾದರೆ ಚಿಪ್ಪು ಗಟ್ಟಿಯಾಗುವುದಿಲ್ಲವಂತೆ. ಇದು ನನಗೆ ಗೊತ್ತಾದದ್ದು ಬಹಳ ವರ್ಷದ ಮೇಲೆ. ಆದರೆ ಅವತ್ತೇ ಗೊತ್ತಿತ್ತು ಎಂಬ ಮುಖ ಮಾಡಿಕೊಂಡು ಓಣಿಯಲ್ಲಿ ತಿರುಗಾಡಿದೆ. ಮುಂದೆ ಹೋದಲ್ಲೆಲ್ಲ ಜನ ಕೋಳಿ ತೋರಿಸುವ ಮೊದಲು ಗೋಡೆ ತೋರಿಸುತ್ತಿದ್ದರು.

ಅಳಿಯನ ದೃಷ್ಟಿ

ಕಾಕಿಯ ಕೋಳಿಗಳಿಗೆ ಒಂದು ವಿಚಿತ್ರ ರೋಗವಿತ್ತು. ಧಾರವಾಡದಿಂದ ಅಳಿಯ ಬಂದ ದಿನವೇ ಅದು ಕಾಣಿಸಿಕೊಳ್ಳುತ್ತಿತ್ತು.

ಅಳಿಯ ಬಹಳ ನಾಜೂಕು ಮನುಷ್ಯ. ಕೋಳಿ ಕೊಯ್ಯಿರಿ ಎಂದು ಬಾಯಿಬಿಟ್ಟು ಎಂದೂ ಕೇಳಿದವನಲ್ಲ. ಕೈಕಾಲು ತೊಳೆದುಕೊಂಡು, ಹಿತ್ತಲಕ್ಕೆ ಬಂದು, ಇದ್ದುದರಲ್ಲೇ ದಪ್ಪನೆಯ ಕೋಳಿಯ ಮುಂದೆ ನಿಂತು ನಿಟ್ಟುಸಿರು ಬಿಡುತ್ತಿದ್ದ.

"ಅತ್ತೀ, ಪಾಪ, ಇದರ ಜುಟ್ಟು ಯಾಕೋ ಬಾಡಿಧಂಗ ಕಾಣತದರಿ. ಸುಮ್ನ ನರಳೂದಕ್ಕಿಂತ..."

ಮುಂದಿನದನ್ನು ಕಣ್ಣಲ್ಲೇ ಹೇಳುತ್ತಿದ್ದ. ಅಳಿಯನ ಮಾತಿಗೆ ಇಲ್ಲ ಎನ್ನುವ ಹಾಗಿಲ್ಲ. ಇಲ್ಲ ಎಂದರೆ ಮಗಳು ಪಂಚಮಿಗೆ ತವರಿಗೆ ಬರುವುದು ನಿಂತೇ ಹೋಗುತ್ತಿತ್ತು. ಹಾಗಾಗಿ ಅವನು ಬಂದುಹೋದಾಗಲೆಲ್ಲ ಹಿತ್ತಲದಲ್ಲಿ ಒಂದು ಕೋಳಿ ಕಡಿಮೆ, ಬಂಗಲೆಗೆ ಹೋಗುವ ಬುಟ್ಟಿಯಲ್ಲಿ ತತ್ತಿ ಕಡಿಮೆ.

ನಾನೊಮ್ಮೆ ಕೇಳಿಯೇಬಿಟ್ಟೆ: "ಅಳಿಯಂದ್ರ, ಬಡಕಲ ಕೋಳಿಗೆ ಯಾಕ ರೋಗ ಬರವಲ್ದರಿ?"

ಅವನು ಬಹಳ ಮರ್ಯಾದೆಯಿಂದ ಹೇಳಿದ: "ಕಾಕಾರ, ಅದಕ್ಕ ರೋಗ ಹಿಡಕೊಳ್ಳಾಕ ಜಾಗಾ ಎಲ್ಲೈತರಿ?"

ಊರೆಲ್ಲ ಜ್ವರ

ಒಂದು ಸಲ ಅಳಿಯ ಒಬ್ಬನೇ ಬರಲಿಲ್ಲ, ಜೊತೆಗೆ ಧಾರವಾಡದ ದವಾಖಾನೆಯೊಂದರ ಕಂಪೌಂಡರ್ ಬಂದ. ಅಳಿಯನ ಜೀವದ ಗೆಳೆಯ. ಅವನ ಕೋಟಿನ ಕಿಸೆಯಲ್ಲಿ ಜ್ವರ ನೋಡುವ ಗಾಜಿನ ನಳಿಗೆ.

ಕಂಪೌಂಡರ್ ಅದನ್ನು ಒಂದು ಕೋಳಿಯ ರೆಕ್ಕೆಯ ಕೆಳಗೆ ತುರುಕಿ, ತೆಗೆದು, ಬಿಸಿಲಿಗೆ ಹಿಡಿದು, ಬೆವತುಬಿಟ್ಟ.

"ನೂರಾ ಆರು ದಾಟೇತಿ! ಮನಷ್ಯಾ ಆಗಿದ್ರ ಇಷ್ಟೊತ್ತಿಗೆ ಜೀವ ಹೋಗತಿತ್ತು. ಇದು ಸತ್ತಧಂಗ!"

ಸತ್ತ ಕೋಳಿ ಅವನ ಹೆಬ್ಬೆರಳನ್ನು ಕುಕ್ಕಿತು. ಎರಡನೆಯದಕ್ಕೂ ಅಷ್ಟೇ ಜ್ವರ, ಮೂರನೆಯದಕ್ಕೂ ಅಷ್ಟೇ. ಕೋಳಿಯ ಮೈ ಹುಟ್ಟಿನಿಂದಲೇ ಅಷ್ಟು ಬಿಸಿಯೆಂದು ಮುಂದೆ ಒಬ್ಬ ದನದ ಡಾಕ್ಟರು ಹೇಳಿದರು. ಆದರೆ ಅವತ್ತು ಹಿತ್ತಲದಲ್ಲಿ ನಿಂತಿದ್ದವರು ನಾವು ಮೂವರೇ ಪಂಡಿತರು.

"ಎಲ್ಲಾಕ್ಕೂ ಹತ್ತೇತಿ. ಒಂದೂ ಇಡಬ್ಯಾಡ್ರಿ," ಎಂದ ಕಂಪೌಂಡರ್.

"ಪಾಪ," ಎಂದ ಅಳಿಯ, ಮತ್ತು ಧಾರವಾಡದಿಂದ ಇನ್ನೂ ನಾಲ್ಕು ಮಂದಿ ಗೆಳೆಯರಿಗೆ ಬರಹೇಳಿ ಕಳಿಸಿದ. ಅಂಥ ದೊಡ್ಡ ದುಃಖವನ್ನು ಇಬ್ಬರೇ ಉಣ್ಣುವುದು ಹೇಗೆ?

ಬಲಗಿಸೆ, ಎಡಗಿಸೆ

ಕಾಕಿ ಸೀರೆಯ ಸೆರಗು ಬಾಯಿಗೊತ್ತಿಕೊಂಡು ನಮ್ಮ ಮನೆಗೆ ಬಂದಳು.

"ತಮ್ಮಾ, ನಾಳೆ ಸಂಜಿಗೆ ಗೆಳ್ಯಾರು ಬಂದ ಮ್ಯಾಲೆ ಕೊಯ್ಯತಾರಂತ, ಎಲ್ಲಾನೂ. ಆಮ್ಯಾಲೆ ನಾ ಏನ್ ಗ್ವಾಡಿ ನೆಕ್ಕಲೇನು?"

"ಕಾಕಿ, ನೀ ಹೋಗಿ ಮಸಾಲಿ ಅರಿ," ಎಂದೆ. ಅವಳು ನನ್ನನ್ನು ಕೊಲ್ಲುವಂತೆ ನೋಡಿದಳು.

ಮರುದಿನ ಬೆಳಗಾಗುತ್ತಲೇ ನಾನು ಕಾಕಿಯ ಹಿತ್ತಲದಲ್ಲಿದ್ದೆ. ಅಳಿಯನೂ ಕಂಪೌಂಡರನೂ ಹಲ್ಲುಜ್ಜುತ್ತ ನೋಡುತ್ತಿದ್ದಂತೆಯೇ, ಎಡಗಿಸೆಯಿಂದ ಗುಳಿಗೆ ತೆಗೆದು ಒಂದೊಂದೇ ಕೋಳಿಯ ಬಾಯಿಗೆ ಹಾಕಿದೆ, ಕಾಲಿಗೆ ಬೋಗಿಯ ಕೆಂಪು ಬಣ್ಣದ ಗುರುತು ಹಚ್ಚಿದೆ.

"ಏನ್ರಿ ಕಾಕಾರ ಇದು?" ಎಂದ ಅಳಿಯ.

"ಜ್ವರದ ಔಷಧರಿ. ಘಟ್ಟಿ ಜುಲಾಬು. ಕೆಂಪು ಕಾಲಿನ ಕೋಳಿ ಯಾರರ ತಿಂದ್ರ ಎರಡು ದಿನ ತಂಬಿಗಿ ಕೆಳಗ ಇಡೂದಾಗಂಗಿಲ್ಲ. ಈ ವಾರ ಮುಟ್ಟಬ್ಯಾಡ್ರಿ."

ಕಂಪೌಂಡರ್ ನಕ್ಕ. ಅಳಿಯ ಅದಕ್ಕಿಂತ ನಾಜೂಕಾಗಿ ನಕ್ಕ.

"ಕಾಕಾರ, ನೀವು ಹುಟ್ಟಿದಾಗಿಂದ ಒಂದರ ಖರೇ ಮಾತಾಡೀರೇನರಿ? ಬೆಲ್ಲದ ವಾಸನಿ ಇಲ್ಲೀತನಕ ಬರಾಕತ್ತೈತಿ."

ಅವನ ಮಾತು ಅಕ್ಷರಶಃ ನಿಜ. ಕೋಳಿಗೆ ಹಾಕಿದ್ದು ಬರೇ ಬೆಲ್ಲ, ಅರಿಷಿಣ.

"ಸುಳ್ಳಂದ್ರ ತಿಂದು ನೋಡ್ರಿ," ಎಂದು ಬಲಗಿಸೆಗೆ ಕೈ ಹಾಕಿದೆ. ಅದರಲ್ಲಿದ್ದುದೂ ಬೆಲ್ಲವೇ. ಬೆಲ್ಲದ ನಡುವೆ, ನನ್ನ ಹೆಂಡತಿಯ ಅಜ್ಜಿ ಮಲಬದ್ಧತೆಗೆಂದು ಇಟ್ಟುಕೊಂಡಿದ್ದ ಸೋನಾಮುಖಿ ಪುಡಿ, ಕೈ ಬಿಚ್ಚಿ ಹಾಕಿದ್ದು.

ಅಳಿಯ ನನ್ನನ್ನು ಸುಳ್ಳನೆಂದು ಸಾಬೀತು ಮಾಡುವ ಹುರುಪಿನಲ್ಲಿ ನಾಲ್ಕು ಗುಳಿಗೆ ಬಾಯಿಗೆ ಎಸೆದುಕೊಂಡ. ಗೆಳೆಯ ತಿನ್ನುವಾಗ ಸುಮ್ಮನಿರುವ ರೂಢಿಯಿಲ್ಲದ ಕಂಪೌಂಡರ್ ಉಳಿದದ್ದನ್ನು ಮುಗಿಸಿದ.

ಸಂಜೆಯ ಹೊತ್ತಿಗೆ ಗೊತ್ತಾದ ಸಂಗತಿ: ಕಾಕಿಯ ಮನೆಯಲ್ಲಿದ್ದುದು ಒಂದೇ ತಂಬಿಗೆ.

ಇಬ್ಬರು ಜೀವದ ಗೆಳೆಯರು ಆ ತಂಬಿಗೆಗಾಗಿ ಆಡಿದ ಮಾತು ಇಲ್ಲಿ ಹೇಳುವಂಥದ್ದಲ್ಲ. ಧಾರವಾಡದ ನಾಜೂಕು ಅಲ್ಲಿಗೆ ಮುಗಿಯಿತು. ಔಷಧ ಹಾಕಿದ ಕೋಳಿ ತಿನ್ನದೆಯೇ ಹೀಗಾದರೆ ತಿಂದರೆ ಹೇಗಾದೀತೆಂದು, ರೈಲಿಳಿದು ಬಂದ ಗೆಳೆಯರು ಬಂದ ದಾರಿಯಲ್ಲೇ ತಿರುಗಿದರು. ಅಳಿಯ ಗಂಜಿ ಕುಡಿದು, ಗೋಡೆ ಹಿಡಿದು ನಡೆಯುತ್ತ ಮರುದಿನ ಊರಿಗೆ ಹೋದ. ಮುಂದೆ ಬಂದಾಗಲೆಲ್ಲ ಹಿತ್ತಲದ ಬಾಗಿಲಿಗೆ ಬೆನ್ನು ಹಾಕಿಯೇ ಕೂಡುತ್ತಿದ್ದ.

ಅವನನ್ನು ಟಾಂಗಾ ಹತ್ತಿಸುವಾಗ ಕಾಕಿ ನನ್ನನ್ನು ಓಣಿಗೆಲ್ಲ ಕೇಳುವಂತೆ ಬೈದಳು.

"ಭಾಡ್ಯಾ! ನನ್ನ ಅಳಿಯನ ಹೊಟ್ಟಿ ಹಾಳ ಮಾಡಿದೆಲ್ಲೋ! ನಿನ್ನ ಔಷಧಕ್ಕ ಬೆಂಕಿ ಹಚ್ಚಲಿ!"

ಟಾಂಗಾ ತಿರುವು ದಾಟಿತು. ಕಾಕಿ ಆಚೆ ಈಚೆ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದಳು.

"ತಮ್ಮಾ, ಆ ಪುಡಿ ಇನ್ನೂ ಸ್ವಲ್ಪ ಉಳದೈತೇನೋ? ದೀಪಾವಳಿಗೆ ಬೀಗರು ಬರೂದೈತಿ."

ನಗೋದು ಆಮೇಲೆ ನಗ್ರಿ. ಹೋಟೆಲಿನವ ಆಗಿನಿಂದ ನನ್ನ ಕಡೆಗೇ ನೋಡಾಕತ್ತಾನ. ಈ ಚಹಾದ ರೊಕ್ಕ ನೀವೇ ಕೊಟ್ಟುಬಿಡ್ರಿ.