ಅತ್ತೆಯ ದೀಪ, ಮುಳುಗದ ಸೂರ್ಯ

ಗಂಡ ಹೆಂಡತಿ ಇಬ್ಬರೇ ಹೊರಟರೆ ಪ್ರಯಾಣ ಸಲೀಸು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಜೊತೆಗಂತೂ ಎಡವಟ್ಟು ಬಸ್‌ಸ್ಟ್ಯಾಂಡಿನಲ್ಲೇ ಹತ್ತಿಕೊಳ್ಳುತ್ತದೆ. ನಮ್ಮನೆಯವರು ಸರಕಿನ ಹಡಗಿನಲ್ಲಿ ರೇಡಿಯೋ ಆಫೀಸರು. ತಂತಿ ಸುದ್ದಿ ಕಳಿಸುವುದು, ಬಂದದ್ದನ್ನು ಬರೆದುಕೊಳ್ಳುವುದು ಅವರ ಕೆಲಸ. ಎಂಬತ್ತರ ದಶಕದ ಶುರುವಿನಲ್ಲಿ ಒಂದು ಸಲ ನನ್ನನ್ನೂ ಕರೆದೊಯ್ಯಲು ಅವರ ಕಂಪನಿ ಒಪ್ಪಿತು. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಟ್ಟಿ, ಹಿಮದ ಸಮುದ್ರಕ್ಕಿಳಿದು, ಅಲ್ಲಿನ ಸಂಶೋಧನಾ ಠಾಣೆಯೊಂದಕ್ಕೆ ಸಾಮಾನು ಇಳಿಸಿ ಬರುವ ಐದು ತಿಂಗಳ ಪ್ರಯಾಣ.

ದಾರೀಲೇ ಸಿಗುತ್ತೆ

ಆಗ ನಮ್ಮ ಮನೆ ಸಾಗರದಲ್ಲಿ. ಪೆಟ್ಟಿಗೆ ಕಟ್ಟುವಾಗ ಪಕ್ಕದ ಮನೆಯಾಕೆ ಬಂದರು.

"ಎಲ್ಲಿಗೆ ಹೊರಟ್ರಿ?"

"ದಕ್ಷಿಣಕ್ಕೆ" ಅಂದರು ಇವರು.

"ದಕ್ಷಿಣಕ್ಕೆ ಅಂದ್ರೆ, ಎಲ್ಲೀವರೆಗೆ?"

ಇವರಿಗೆ ಜಂಬ. "ಭೂಮಿ ಮುಗಿಯೋವರೆಗೆ."

ಆಕೆ ಸ್ವಲ್ಪ ಯೋಚಿಸಿ, ಮನೆಗೆ ಹೋಗಿ ಒಂದು ಚೀಲ ತಂದರು. "ಹಂಗಾದ್ರೆ ತೀರ್ಥಹಳ್ಳೀಲಿ ನಮ್ಮ ತಂಗಿಗೆ ಈ ಹಪ್ಪಳ ಕೊಟ್ಟು ಹೋಗಿ. ದಾರೀಲೇ ಸಿಗುತ್ತೆ."

ಹಡಗು ಹತ್ತಲು ನಾವು ಹೋಗಬೇಕಾದದ್ದು ಉತ್ತರಕ್ಕೆ, ಬೊಂಬಾಯಿಗೆ. ಆದರೂ ತೀರ್ಥಹಳ್ಳಿ ನನ್ನ ತವರು, ಹೇಳಿ ಹೋಗಬೇಕಿತ್ತು. ಹಪ್ಪಳ ಕೊಟ್ಟೇ ಹೋದೆವು.

ಬಕೆಟ್ ನೀರು

ಹೊಸನಗರದಲ್ಲಿ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದಾಗ ಅವರು ನನ್ನ ಕೈಗೆ ಒಂದು ಸಣ್ಣ ಹಿತ್ತಾಳೆ ದೀಪ ಇಟ್ಟರು.

"ಎಲ್ಲೇ ಇರು, ಹೊತ್ತು ಮುಳುಗಿದ ಕೂಡ್ಲೆ ಇದನ್ನ ಹಚ್ಚು. ಹಚ್ಚದೆ ರಾತ್ರಿ ಊಟ ಮಾಡ್ಬೇಡ. ನೀರಿನ ಮೇಲೆ ನನ್ನ ಮಗನ್ನ ಕಾಯೋದು ಇದೊಂದೇ."

ಮಾತು ಕೊಟ್ಟೆ. ಹಡಗಿನಲ್ಲಿ ಬೆಂಕಿ ಅಂದರೆ ಕ್ಯಾಪ್ಟನ್ ಹೌಹಾರಿದರು. ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದರು: ದೀಪ ಆರುವ ತನಕ ನನ್ನ ಗಂಡ ಪಕ್ಕದಲ್ಲೇ ಬಕೆಟ್ ನೀರು ಹಿಡಿದು ಕೂರಬೇಕು. ಮದುವೆಯಾದ ಮೇಲೆ ಇವರು ದೇವರ ಮುಂದೆ ದಿನಾ ಕೂತದ್ದು ಆ ಐದು ತಿಂಗಳು ಮಾತ್ರ.

ಹಿಮದಲ್ಲಿ ಇಂಬಳ

ಹಿಮದ ದಡಕ್ಕೆ ಮೊದಲ ಸಲ ಇಳಿದೆವು. ಹತ್ತು ಹೆಜ್ಜೆ ನಡೆದು ಬಂದವಳೇ ಒಂದು ಪೆಟ್ಟಿಗೆಯ ಮೇಲೆ ಕೂತು ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿದೆ, ಬೆರಳ ಸಂದು ಬಿಡಿಸಿ ನೋಡತೊಡಗಿದೆ. ಹುಲ್ಲು ತುಳಿದು ಬಂದರೆ ಕಾಲಿಗೆ ಇಂಬಳ ಹತ್ತಿದೆಯಾ ಅಂತ ನೋಡಿಕೊಳ್ಳುವುದು ನಮ್ಮ ಕಡೆಯ ಹುಟ್ಟು ಅಭ್ಯಾಸ. ತಲೆ ಮರೆತರೂ ಕೈ ಮರೆಯುವುದಿಲ್ಲ. ಬೆರಳು ಹಿಮಕ್ಕೆ ಮರಗಟ್ಟಿತೆಂದು ಕ್ಯಾಪ್ಟನ್ ಓಡಿ ಬಂದರು.

ಇವರು ತಣ್ಣಗೆ, "ಏನಿಲ್ಲ ಸಾರ್, ರಕ್ತ ಹೀರೋ ಹುಳ ಹುಡುಕ್ತಿದಾಳೆ" ಅಂದರು.

ಅದು ಬೂಟಿನೊಳಗೂ ಹೇಗೆ ನುಗ್ಗುತ್ತದೆ, ಹತ್ತಿದ್ದು ಹೇಗೆ ಗೊತ್ತೇ ಆಗುವುದಿಲ್ಲ ಅಂತ ನಾನು ವಿವರಿಸಿದೆ. ಮಾರನೆಯ ದಿನ ದಡದಿಂದ ವಾಪಸ್ ಬಂದಾಗ ಬೂಟು ಬಿಚ್ಚಿ ಕೂತವರು ಇಬ್ಬರು, ನಾನು ಮತ್ತು ಕ್ಯಾಪ್ಟನ್.

ಪರದೆ ಎಳೆದರೆ ಸಂಜೆಯೇ?

ದಕ್ಷಿಣಕ್ಕೆ ಹೋದಂತೆಲ್ಲ ಸಂಜೆ ತಡವಾಗುತ್ತಲೇ ಬಂದಿತ್ತು. ಎಂಟಾಯಿತು, ಹತ್ತಾಯಿತು, ನನ್ನ ಊಟವೂ ಹಿಂದೆ ಹಿಂದೆ ಹೋಯಿತು. ಠಾಣೆಯ ಹತ್ತಿರ ಸೂರ್ಯ ಮುಳುಗುವುದನ್ನೇ ಬಿಟ್ಟ. ಇನ್ನೂ ಇಪ್ಪತ್ತು ದಿನ ಹೀಗೇ ಅಂದರು ಇವರು.

ಆಮೇಲೆ ಕಿಟಕಿಯ ಪರದೆ ಎಳೆದು, "ನೋಡು, ಕತ್ತಲಾಯ್ತು. ಹಚ್ಚು, ಉಣ್ಣು" ಅಂದರು.

"ಪರದೆ ಎಳೆದ್ರೆ ಸಂಜೆಯಾಗುತ್ತಾ? ಅತ್ತೆಗೆ ಏನಂತ ಹೇಳ್ಲಿ?"

ಬಿಸ್ಕತ್ತು ಊಟವಲ್ಲ, ತಿಂಡಿ ಅಂತ ಸಮಾಧಾನ ಮಾಡಿಕೊಂಡು ಮೂರು ರಾತ್ರಿ ಕಳೆದೆ. ನಿಜ ಹೇಳಬೇಕೆಂದರೆ ಹಸಿವಿಗಿಂತ ಹೆದರಿಕೆ ದೊಡ್ಡದಿತ್ತು. ದೀಪ ತಪ್ಪಿದ್ದಕ್ಕೆ ಇವರಿಗೇನಾದರೂ ಆದರೆ? ಆ ಹೆದರಿಕೆಗೆ ಸಿಟ್ಟೂ ಸೇರಿ ಇವರ ಮೇಲೆ ರೇಗತೊಡಗಿದೆ. ನಾಲ್ಕನೆಯ ದಿನ ಇವರು ಸೋತು ಅಮ್ಮನಿಗೇ ತಂತಿ ಹೊಡೆದರು: "ಸನ್ ನಾಟ್ ಸಿಂಕಿಂಗ್. ವೆನ್ ಟು ಲೈಟ್ ಲ್ಯಾಂಪ್?"

ಎರಡು ದಿನಕ್ಕೆ ಉತ್ತರ ಬಂತು: "ಹೋಲ್ಡ್ ಸನ್ ಟೈಟ್. ಐ ಲೈಟ್ ಲ್ಯಾಂಪ್. ಯು ಈಟ್."

ಸೊಸೆ ಉಪವಾಸ ಇರಬಾರದೆಂದು ಅಲ್ಲಿ ತಾವೇ ದೀಪ ಹಚ್ಚುತ್ತಾರಂತೆ. ನನಗೆ ಅಳುವೇ ಬಂತು. ಅಳುತ್ತಲೇ ಎರಡು ಸಲ ಅನ್ನ ಬಡಿಸಿಕೊಂಡೆ. ಮಗನನ್ನು ಬಿಗಿಯಾಗಿ ಹಿಡಿದುಕೋ ಅಂದದ್ದು ಮಾತ್ರ ಇಬ್ಬರಿಗೂ ಅರ್ಥವಾಗಲಿಲ್ಲ. "ಅಮ್ಮನಿಗೆ ನನ್ನ ಮೇಲೆ ಪ್ರೀತಿ" ಅಂತ ಇವರು ಬೀಗಿದರು.

ಇನ್ನು ಬಿಡು

ಹೊಸನಗರದಲ್ಲಿ ಬಸ್ ಇಳಿದಾಗ ಹಡಗಿನ ಅಭ್ಯಾಸಕ್ಕೆ ನನಗೆ ನೆಲವೇ ತೂಗುತ್ತಿತ್ತು. ನಾಚಿಕೆ ಬಿಟ್ಟು ಇವರ ತೋಳು ಹಿಡಿದುಕೊಂಡೇ ನಡೆದೆ. ಬೀದಿಯವರೆಲ್ಲ ಬಾಗಿಲಿಗೆ ಬಂದು ಕೈಮುಗಿದರು. ಒಬ್ಬರೂ ನಗಲಿಲ್ಲ.

ಯಾಕೆ ಅಂತ ತಿಳಿದದ್ದು ಎದುರುಮನೆಯ ಮೇಷ್ಟ್ರಿಂದ. ನನ್ನ ಕಾಟ ತಡೆಯಲಾಗದೆ ತಂತಿ ಹೊಡೆಯುವ ಗಡಿಬಿಡಿಯಲ್ಲಿ ಇವರು 'ಸನ್'ಗೆ 'ಯು' ಬದಲು 'ಓ' ಒತ್ತಿದ್ದರು. ಸೂರ್ಯ ಹೋಗಿ ಮಗ ಆಗಿದ್ದ. ಮೇಷ್ಟ್ರು ಅದನ್ನು ಇಡೀ ಬೀದಿಯ ಎದುರು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದ್ದರು: "ಮಗ ಮುಳುಗಿಲ್ಲ. ದೀಪ ಹಚ್ಚೋದು ಯಾವಾಗ?"

ಮುಳುಗಿಲ್ಲ ಅಂದರೆ ಮುಳುಗುವುದರಲ್ಲಿದ್ದಾನೆ ಅಂತ ಅತ್ತೆ ಅರ್ಥ ಮಾಡಿಕೊಂಡರು. ಮೇಷ್ಟ್ರ ಕೈಲೇ ಆ ಉತ್ತರ ಬರೆಸಿ, ಸಿಗಂದೂರಿನ ದೇವಿಗೆ ಹರಕೆ ಹೊತ್ತರು. ಅಂದಿನಿಂದ ದಿನಾ ಸಂಜೆ ಎರಡು ದೀಪ, ಒಂದು ತಮ್ಮದು, ಒಂದು ನನ್ನದು. "ಗಂಡ ನೀರಲ್ಲಿ ಮುಳುಗ್ತಿರೋವಾಗ್ಲೂ ನನ್ ಸೊಸೆಗೆ ದೀಪದ್ದೇ ಚಿಂತೆ" ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು.

ನಿಜ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಜಗಲಿ ಇಳಿದು ಬಂದರು. ಮಗನನ್ನು ಅಡಿಯಿಂದ ಮುಡಿಯವರೆಗೆ ಮುಟ್ಟಿ ನೋಡಿದರು. ಆಮೇಲೆ ಇವರ ತೋಳಿನ ಮೇಲಿದ್ದ ನನ್ನ ಕೈ ನೋಡಿ ಕಣ್ಣೊರೆಸಿಕೊಂಡು, ಮೆತ್ತಗೆ ಹೇಳಿದರು:

"ಸಾಕು ಮಾರಾಯ್ತಿ, ಇಷ್ಟು ದಿನ ಹಿಡ್ಕಂಡಿದ್ದು. ಇನ್ನು ಬಿಡು, ಅವ್ನು ಸ್ನಾನಕ್ಕೆ ಹೋಗ್ಲಿ."